ಪಕ್ಕದ ಸೀಟಿನ ಬ್ರೇಕು

ಎದುರುಮನೆಯ ಟ್ಯಾಕ್ಸಿಯವನಿಗೆ ಕನಿಕರ ಹುಟ್ಟಿದ್ದೇ ಅವತ್ತಿನ ಎಡವಟ್ಟಿಗೆಲ್ಲ ಮೂಲ. ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತವನ ಕಣ್ಣಿಗೆ ಬ್ರೇಕ್ ಮೇಷ್ಟ್ರ ಕಾರಿನ ಹಿಂದಿನ ಟೈರುಗಳು ಬಿದ್ದವು. ಎರಡೂ ಸವೆದು ಸವೆದು ನುಣ್ಣಗೆ ಬೋಳಾಗಿದ್ದವು. ಅಯ್ಯೋ ಪಾಪ ಅಂದುಕೊಂಡವನೇ, ಮೇಷ್ಟ್ರು ಸ್ನಾನ ಮುಗಿಸಿ ಬರುವಷ್ಟರಲ್ಲಿ ತನ್ನ ಹತ್ತಿರವಿದ್ದ ಒಳ್ಳೆಯ ಟೈರು ಹಾಕಿ, ಜಾಕ್ ಇಳಿಸಿ, ಕೈ ಒರೆಸಿಕೊಳ್ಳುತ್ತಿದ್ದ.

"ಥ್ಯಾಂಕ್ಸ್ ಗೀಂಕ್ಸ್ ಏನೂ ಬೇಡ ಮೇಷ್ಟ್ರೇ," ಅಂದ. "ಈಗ ನೋಡಿ, ಎಂಥಾ ತಿರುವಲ್ಲೂ ಒಂದಿಂಚು ಜಾರಲ್ಲ!"

ಮೇಷ್ಟ್ರು ಟವೆಲ್ಲಿನಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಜಾರಲಿ ಅಂತಲೇ ಅಲ್ಲವೇ ಅವರು ಇಷ್ಟು ದಿನ ಒದ್ದಾಡಿದ್ದು!

ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವ ಇವರಿಗೆ ಆ ಹೆಸರು ಸುಮ್ಮನೆ ಬಿದ್ದದ್ದಲ್ಲ. ಸ್ಕೂಲಿನ ಕಾರಲ್ಲಿ ಪಕ್ಕದ ಸೀಟಿಗೂ ಒಂದು ಬ್ರೇಕ್ ಇರುತ್ತದಲ್ಲ, ಇವರ ಅರ್ಧ ಆಯುಸ್ಸು ಅದರ ಮೇಲೆ ಕಾಲಿಟ್ಟೇ ಕಳೆದಿತ್ತು. ಸ್ಟೀರಿಂಗ್ ಯಾವಾಗಲೂ ಬೇರೆಯವರ ಕೈಯಲ್ಲಿ, ಜೀವ ಮಾತ್ರ ಇವರ ಬಾಯಲ್ಲಿ. ಹೀಗಿರುವಾಗ ಒಂದು ದಿನ, ಊರಾಚೆ ವಿಮಾನ ಇಳಿಯುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿದ್ದ ಮೈದಾನದಲ್ಲಿ, ಒಂದು ಕಾರು ಮೂತಿ ಒಂದು ಕಡೆ ಮಾಡಿಕೊಂಡು ಇನ್ನೊಂದು ಕಡೆಗೆ ಹೋಗುವುದನ್ನು ಕಂಡರು. ಹಿಂದಿನ ಚಕ್ರ ಹೊಗೆ ಬಿಡುತ್ತಾ ಹೊರಕ್ಕೆ ಜಾರುತ್ತಿದೆ, ಒಳಗಿರುವವನು ಹಾಯಾಗಿ ಕೂತಿದ್ದಾನೆ. ಇದಕ್ಕೆ ಡ್ರಿಫ್ಟ್ ಅಂತಾರೆ ಅಂತ ಯಾರೋ ಹೇಳಿದರು. ಮೇಷ್ಟ್ರಿಗೆ, ಸಾಯುವುದರೊಳಗೆ ಒಂದೇ ಒಂದು ತಿರುವನ್ನಾದರೂ ಹೀಗೆ ನನ್ನ ಕೈಯಾರೆ ತೆಗೆಯಬೇಕು ಅನ್ನಿಸಿತು. ಆಮೇಲೆ ಅವರಿಗೆ ನೆಟ್ಟಗೆ ನಿದ್ದೆ ಹತ್ತಿದ್ದರೆ ಕೇಳಿ.

ಹಿಂದಿನ ಚಕ್ರಗಳು ನೂಕುವ ಹಳೇ ಸ್ಪೋರ್ಟ್ಸ್ ಕಾರೊಂದನ್ನು ಹುಡುಕಿ ಗ್ಯಾರೇಜಿನವನಿಗೆ ಒಪ್ಪಿಸಿದರು. ಅವನು ಹಿಂದಿನ ಎರಡು ಚಕ್ರ ಯಾವಾಗಲೂ ಒಟ್ಟಿಗೇ ತಿರುಗುವ ಹಾಗೆ ನಡುವಿನ ಗೇರುಗಳಿಗೆ ವೆಲ್ಡಿಂಗ್ ಹೊಡೆದ. ಸ್ಪ್ರಿಂಗ್ ಬಿಗಿ ಮಾಡಿದ. ಮುಂದಿನ ಚಕ್ರ ಮಾಮೂಲಿಗಿಂತ ಜಾಸ್ತಿ ಹೊರಳುವಂತೆ ಮಾಡಿ, ಅವುಗಳ ತಲೆಯನ್ನು ಕೊಂಚ ಒಳಕ್ಕೆ ವಾಲಿಸಿದ. ಹ್ಯಾಂಡ್‌ಬ್ರೇಕಿಗೆ ಮೊಳದುದ್ದದ ಹಿಡಿ ಬಂತು. ಮುಂದೆ ಗಟ್ಟಿ ಹಿಡಿತದ ಹೊಸ ಟೈರು, ಹಿಂದೆ ಜಾರಲಿ ಅಂತ ಆರಿಸಿ ತಂದ ಬೋಳು ಟೈರು. ಎಲ್ಲ ಆಗುವ ಹೊತ್ತಿಗೆ ಮೈದಾನವೇ ಕೈತಪ್ಪುವುದರಲ್ಲಿತ್ತು. ನಾಳೆಯಿಂದ ಅಲ್ಲಿ ಗೋದಾಮಿಗೆ ಪಾಯ ತೋಡುತ್ತಾರೆ. ಡ್ರಿಫ್ಟಿನವರಿಗೆ ಇವತ್ತೇ ಕೊನೆ, ಕಾರಿಗೆ ಎರಡೇ ಸುತ್ತು.

"ನನ್ನ ಟೈರು ಎಲ್ಲಯ್ಯಾ?" ಅಂದರು ಮೇಷ್ಟ್ರು ಮೆಟ್ಟಿಲ ಮೇಲಿಂದಲೇ ಟ್ಯಾಕ್ಸಿಯವನಿಗೆ, ಅಳುವುದೊಂದು ಬಾಕಿ.

"ಮೂಲೆಮನೆ ದರ್ಜಿಗೆ ಕೊಟ್ಟೆ. ನಾಯಿಗೆ ಹಾಸಿಗೆ ಬೇಕು ಅಂತಿದ್ದ."

ದರ್ಜಿಯ ನಾಯಿ ಎರಡು ಟೈರನ್ನೂ ಒಂದರ ಮೇಲೊಂದು ಹಾಕಿಸಿಕೊಂಡು ಒಳಗೆ ಮಹಾರಾಜನ ಹಾಗೆ ಮಲಗಿತ್ತು. ಮೇಷ್ಟ್ರು ಬಗ್ಗಿದರೆ ಗುರ್ ಅನ್ನುತ್ತಿತ್ತು. "ಅದಕ್ಕೆ ಹೊಸ ಜಾಗ ಒಗ್ಗಿಬಿಟ್ಟಿದೆ, ಎಬ್ಬಿಸೋದು ಪಾಪ ಅಲ್ವಾ?" ಅಂದ ದರ್ಜಿ. ಕೊನೆಗೆ ಮೇಷ್ಟ್ರ ಹೆಂಡತಿ ಬಂದು ಎರಡು ಬಿಸ್ಕತ್ತು ತೋರಿಸಿ ನಾಯಿಯನ್ನು ಎಬ್ಬಿಸಿದರು. ಫೋನ್ ಮಾಡಿ ಕರೆಸಿದ ಗ್ಯಾರೇಜಿನವನು ಬೈದುಕೊಳ್ಳುತ್ತಲೇ ಬೋಳು ಟೈರು ಮತ್ತೆ ಹಾಕಿ, ಸ್ಕೂಟರಿನಲ್ಲಿ ಮುಂದೆ ಹೋದ.

"ನಾನೂ ಬರ್ತೀನಿ," ಅಂದರು ಹೆಂಡತಿ, ಪಕ್ಕದ ಸೀಟಿನಲ್ಲಿ ಕೂರುತ್ತಾ. "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಆಸ್ಪತ್ರೆಗೆ ಸೇರಿಸೋಕೆ ಯಾರಾದ್ರೂ ಬೇಕಲ್ಲ."

"ಕಾರು ಓಡಿಸ್ತೀನಿ ಅಂತ ಮಾತ್ರ ಕೇಳಬೇಡ."

ಈ ಮಾತಿಗೆ ಕಾರಣವಿತ್ತು. ಆಕೆಗೆ ಮೇಷ್ಟ್ರೇ ಕಲಿಸಿದ್ದರು, ಲೈಸೆನ್ಸೂ ಬಂದಿತ್ತು. ಆದರೆ ಮೇಷ್ಟ್ರು ಪಕ್ಕದಲ್ಲಿ ಕೂತು ಬ್ರೇಕ್ ಅಂದರೆ ಗಾಬರಿಯಲ್ಲಿ ಆಕೆ ಆಕ್ಸಿಲರೇಟರ್ ತುಳಿಯುತ್ತಿದ್ದರು. ಎಡಕ್ಕೆ ಅಂದರೆ ಕೈ ಬಲಕ್ಕೆ ಹೋಗುತ್ತಿತ್ತು. ಒಂದು ದಿನ ಯಾರದೋ ಬೇಲಿಯೊಳಗೆ ಹಿಂಬದಿಯಿಂದ ನುಗ್ಗಿದ ಮೇಲೆ ಮೇಷ್ಟ್ರು, "ನಿನಗೆ ಈ ಜನ್ಮದಲ್ಲಿ ಸ್ಟೀರಿಂಗ್ ಬರೆದಿಲ್ಲ ಬಿಡು," ಅಂದಿದ್ದರು. ಆಕೆ ಆ ಲೈಸೆನ್ಸನ್ನು ಇನ್ನೂ ಪರ್ಸಿನಲ್ಲೇ ಇಟ್ಟುಕೊಂಡಿದ್ದರು, ಆಗಾಗ ತೆಗೆದು ನೋಡುತ್ತಿದ್ದರು.

ದಾರಿಯಲ್ಲಿ ಆದ ಮರ್ಯಾದೆ ಕೇಳಲೇಬೇಡಿ. ವೆಲ್ಡಿಂಗ್ ಮಾಡಿದ ಹಿಂದಿನ ಚಕ್ರಗಳು ನೇರ ರಸ್ತೆಯಲ್ಲಿ ಸುಮ್ಮನಿದ್ದು, ನಿಧಾನದ ತಿರುವು ಬಂದರೆ ಸಾಕು, ಕೀಚ್ ಕೀಚ್ ಅಂತ ಕುಪ್ಪಳಿಸುತ್ತಿದ್ದವು. ಸಿಗ್ನಲ್ ಹತ್ತಿರ ಅವರದೇ ಸ್ಕೂಲಿನ ಕಾರು ಪಕ್ಕಕ್ಕೆ ಬಂತು. ಕ್ಲಚ್ ಒಮ್ಮೆಲೇ ಬಿಟ್ಟದ್ದಕ್ಕೆ ನಿನ್ನೆ ತಾನೇ ಇವರ ಹತ್ತಿರ ಬೈಸಿಕೊಂಡಿದ್ದ ಶಿಷ್ಯೆ ಕಿಟಕಿಯಿಂದ ತಲೆ ಹಾಕಿ, "ಹಾಫ್ ಕ್ಲಚ್ ಸರ್, ಹಾಫ್ ಕ್ಲಚ್!" ಅಂತ ಕೂಗಿದಳು. ಮೇಷ್ಟ್ರು ಕೇಳಿಸದವರ ಹಾಗೆ ಮುಂದೆ ನೋಡಿದರು.

ಕೊನೆಗೂ ಮೈದಾನ ಬಂತು. ಹೆಂಡತಿಯನ್ನು ಇಳಿಸಿ, ಹೆಲ್ಮೆಟ್ ತೊಟ್ಟು, ಮೇಷ್ಟ್ರು ಒಬ್ಬರೇ ಹೊರಟರು. ಸುತ್ತು ಶುರುಮಾಡಿಸಲು ನಿಂತಿದ್ದ ಬಾವುಟದವನು ಬಾವುಟ ಬೀಸಿದ. ಕಾರು ಬಾಣದಂತೆ ತಿರುವಿಗೆ ಬಂತು. ಹ್ಯಾಂಡ್‌ಬ್ರೇಕ್ ಎಳೆದರು. ಆಹಾ, ಹಿಂಬದಿ ಮೆಲ್ಲಗೆ ಜಾರತೊಡಗಿತು! ಇನ್ನೇನು ಆಸೆ ಕೈಗೂಡಿತು ಅನ್ನುವಷ್ಟರಲ್ಲಿ ಅವರ ಬಲಗಾಲು ಯಜಮಾನನನ್ನು ಒಂದು ಮಾತೂ ಕೇಳದೆ ಬ್ರೇಕ್ ಒತ್ತಿಬಿಟ್ಟಿತು. ಕಾರು ಗಕ್ಕನೆ ನಿಂತು ಎಂಜಿನ್ ಆರಿತು.

ಮತ್ತೆ ಶುರು ಮಾಡಿದರು. ಮತ್ತೆ ಜಾರಿತು, ಮತ್ತೆ ಗಕ್.

"ಸರ್, ಜಾರೋವಾಗ ಬ್ರೇಕ್ ಯಾಕೆ ಒತ್ತುತ್ತೀರಾ?" ಗ್ಯಾರೇಜಿನವನು ತಲೆ ಚಚ್ಚಿಕೊಂಡ.

"ನಾನೆಲ್ಲಯ್ಯಾ ಒತ್ತಿದೆ? ಅದೇ ಒತ್ತುತ್ತೆ!"

ಮೊದಲ ಸುತ್ತು ಹಾಗೇ ಮುಗಿಯಿತು. ಮೇಷ್ಟ್ರು ಕೆಳಗಿಳಿದರು. ಇಷ್ಟು ವರ್ಷ ಊರಿನವರನ್ನೆಲ್ಲ ಕಾಪಾಡಿದ ಕಾಲು ತಮ್ಮ ಒಂದೇ ಒಂದು ಆಸೆಗೆ ಅಡ್ಡ ಬಂತಲ್ಲ ಅಂತ ಅವರಿಗೆ ಕಣ್ಣಲ್ಲಿ ನೀರು ಬಂತು. "ಸಾಕು, ಮನೆಗೆ ಹೋಗೋಣ," ಅಂದರು. ಮೈದಾನದೊಳಗೆ ಹೆಲ್ಮೆಟ್ ಕಡ್ಡಾಯ, ಹಾಗಾಗಿ ತಮ್ಮದನ್ನು ಹೆಂಡತಿಗೆ ಕೊಟ್ಟು, ತಾವು ಗ್ಯಾರೇಜಿನವನದನ್ನು ತೊಟ್ಟರು. "ಗೇಟಿನ ತನಕ ನೀನೇ ತಗೊಂಡು ನಡಿ. ನನ್ನ ಕಾಲು ನಿಲ್ತಿಲ್ಲ. ಮೊದಲನೇ ಗೇರು, ನಿಧಾನ."

ಗೇಟಿಗೆ ಹೋಗಬೇಕಾದರೆ ಆ ತಿರುವನ್ನು ದಾಟಿಯೇ ಹೋಗಬೇಕು. ಆಕೆ ಕ್ಲಚ್ ಬಿಟ್ಟರು, ಕಾರು ಚಂಗನೆ ನೆಗೆಯಿತು.

"ಬ್ರೇಕ್!" ಅಂತ ಕಿರುಚಿದರು ಮೇಷ್ಟ್ರು.

ಆಕೆ ಆಕ್ಸಿಲರೇಟರ್ ತುಳಿದರು. ಕಾರು ಭೋರೆಂದು ತಿರುವಿಗೆ ನುಗ್ಗಿ, ಹಿಂಬದಿ ಹೊರಕ್ಕೆ ಹಾರಿತು.

"ಎಡಕ್ಕೆ! ಎಡಕ್ಕೆ!"

ಆಕೆಯ ಕೈ ಬಲಕ್ಕೆ ಹೋಯಿತು. ಎಡ ತಿರುವಲ್ಲಿ ಹಿಂಬದಿ ಬಲಕ್ಕೆ ಜಾರುವಾಗ ಸ್ಟೀರಿಂಗೂ ಬಲಕ್ಕೇ ತಿರುಗಬೇಕು, ಡ್ರಿಫ್ಟಿಗೆ ಬೇಕಾದದ್ದು ಅದೇ. ಕಾರು ಮೂತಿ ಒಳಗೆ, ಬಾಲ ಹೊರಗೆ ಮಾಡಿಕೊಂಡು ಬೆಣ್ಣೆಯ ಮೇಲೆ ಹೋದ ಹಾಗೆ ಜಾರಿತು. ಮೇಷ್ಟ್ರು ಬಲಗಾಲಿನಿಂದ ನೆಲವನ್ನು ಒತ್ತಿದರು, ಒತ್ತಿದರು. ಈ ಕಾರಲ್ಲಿ ಆ ಕಡೆ ಏನೂ ಇರಲಿಲ್ಲ. ಕಿಟಕಿಯಲ್ಲಿ ಇಡೀ ಮೈದಾನ ಅಡ್ಡಡ್ಡ ಹರಿಯಿತು, ಬಿಳೀ ಹೊಗೆ ತೇಲಿತು. ಎಷ್ಟು ಚೆನ್ನಾಗಿದೆ ದೇವರೇ, ಅಂದುಕೊಂಡರು ಅವರು. ನನ್ನ ಕೈಯಲ್ಲಿ ಇದ್ದಿದ್ದರೆ!

ಜನ ಶಿಳ್ಳೆ ಹೊಡೆದರು. ಬಾವುಟದವನು ಓಡಿ ಬಂದು, "ಅಕ್ಕಾ, ಯಾರು ಕಲಿಸಿದ್ದು ನಿಮಗೆ? ಮುಂದಿನ ತಿಂಗಳು ಬೇರೆ ಊರಲ್ಲಿ ಡ್ರಿಫ್ಟ್ ಇದೆ, ಬರಲೇಬೇಕು!" ಅಂದ.

"ಇವರೇ ಕಲಿಸಿದ್ದು," ಅಂದರು ಆಕೆ, ಮುಖವೆಲ್ಲ ಕೆಂಪಾಗಿತ್ತು. "ಇವರು ಪಕ್ಕದಲ್ಲಿ ಕೂತು ಹೇಳಿದ್ರೇನೇ ನನಗೆ ಬರೋದು. ಒಬ್ಬಳೇ ಆದ್ರೆ ಆಗಲ್ಲಪ್ಪ."

ಮೇಷ್ಟ್ರು ಸ್ಟೀರಿಂಗ್ ಕಡೆ ಒಮ್ಮೆ ನೋಡಿದರು. ಹೆಂಡತಿಯ ಎರಡು ಕೈಯೂ ಅದರ ಮೇಲೇ ಇದ್ದವು, ಸದ್ಯಕ್ಕೆ ಬಿಡುವ ಲಕ್ಷಣ ಕಾಣಲಿಲ್ಲ. ಕಲಿಯೋಕೆ ಬಂದವರಲ್ಲಿ ಇಷ್ಟು ಸಂತೋಷದ ಮುಖವನ್ನು ಅವರು ಯಾವತ್ತೂ ಕಂಡಿರಲಿಲ್ಲ.

ಗ್ಯಾರೇಜಿನವನು ಪಕ್ಕದ ಕಿಟಕಿಯಲ್ಲಿ ಬಗ್ಗಿ, ಮೇಷ್ಟ್ರ ಕಾಲು ಇನ್ನೂ ನೆಲ ಒತ್ತುತ್ತಿರುವುದನ್ನು ನೋಡಿದ. "ಸರ್, ಈ ಕಡೆಗೂ ಒಂದು ಬ್ರೇಕ್ ಕೂರಿಸಲಾ?"

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದರು:

"ಒಂದು ಪೆಡಲ್ ಕೂರಿಸಿಬಿಡಪ್ಪ, ಪಾಪ. ಯಾವುದಕ್ಕೂ ಜೋಡಿಸಬೇಡ ಅಷ್ಟೇ."