ಲಾರ್ಕ್‌ಫೀಲ್ಡಿನ ಹೊಸ ಅಧ್ಯಕ್ಷ

ಬೆಳಗ್ಗೆ ಥೆಲ್ಮಾ ಬಿಸಿಬಿಸಿ ಸೇಬಿನ ಪೈ ಹಿಡಿದು ನಾರಿಸ್‌ನ ಬಾಗಿಲ ಮುಂದೆಯೇ ಹಾದು ಲೆನರ್ಡ್‌ನ ಮನೆಗೆ ಹೋದಳು. ನಾರಿಸ್‌ನ ಪಾಲಿಗೆ ಬಂದದ್ದು ಬರೀ ಘಮ. ಅವನ ಹೊಟ್ಟೆಯೊಳಗೆ ಒಲೆ ಹೊತ್ತಿಕೊಂಡಿತು.

ಲಿಂಕನ್‌ಶೈರ್ ಕರಾವಳಿಯ ಲಾರ್ಕ್‌ಫೀಲ್ಡ್ ಪಾರ್ಕ್ ಎಂಬ ಬಡಾವಣೆಯಲ್ಲಿ ಎಲ್ಲರವೂ ಕಾರ್ಖಾನೆಯಲ್ಲಿ ತಯಾರಾಗಿ ಲಾರಿಯಲ್ಲಿ ಬಂದಿಳಿದ ಒಂದೇ ಅಚ್ಚಿನ ಮನೆಗಳು, ಎಲ್ಲರೂ ನಿವೃತ್ತರು. ನಾರಿಸ್, ಲೆನರ್ಡ್ ಇಬ್ಬರೂ ಹೆಂಡತಿ ಕಳೆದುಕೊಂಡವರು. ಆದರೆ ಲೆನರ್ಡ್ ನಿವಾಸಿಗಳ ಸಂಘದ ಅಧ್ಯಕ್ಷ. ಪಾರ್ಕಿನ ಮಾಲೀಕನ ಮುಂದೆ ಮೇಜು ಕುಟ್ಟಿ ಮಾತಾಡುವವನು. ಥೆಲ್ಮಾ ಮರುಳಾಗಿರುವುದು ಆ ಕುರ್ಚಿಗೇ ಎಂದು ನಾರಿಸ್ ತೀರ್ಮಾನಿಸಿಬಿಟ್ಟಿದ್ದ.

ಮೂಲೆಯ ಬೀದಿದೀಪ ಕೆಟ್ಟು ಬಹಳ ದಿನವಾಗಿತ್ತು. ಲೆನರ್ಡ್‌ನ ಕೈಯಲ್ಲಿ ಆಗದ್ದನ್ನು ಮಾಡಿ ತೋರಿಸುತ್ತೇನೆಂದು ನಾರಿಸ್ ಏಣಿ ಹತ್ತಿದ. ಏಣಿ ಜಾರಿತು. ಮಾಗಿದ ಹಲಸಿನ ಹಣ್ಣಿನಂತೆ ಅವನು ಪಕ್ಕದ ಮನೆಯ ಗ್ವೆನ್ನಳ ಗುಲಾಬಿ ಗಿಡಗಳ ಮೇಲೆ ದೊಪ್ಪನೆ ಬಿದ್ದ.

"ಅಯ್ಯಯ್ಯೋ, ನನ್ನ ಗುಲಾಬಿ!" ಗ್ವೆನ್ ಓಡಿ ಬಂದಳು.

"ನಾನೂ ಬಿದ್ದಿದೀನಿ ಕಣಮ್ಮಾ!"

"ನೀವು ಎದ್ದೇಳ್ತೀರಿ. ಅವು ಏಳ್ತಾವಾ?"

ನೆರೆಯವರೆಲ್ಲ ಚಹಾದ ಕಪ್ಪು ಹಿಡಿದುಕೊಂಡೇ ನೆರೆದರು. ನಾರಿಸ್ ಮುಳ್ಳು ಕೀಳುತ್ತಾ ಗುಡುಗಿದ: "ಎಲ್ಲಾ ಆ ಲೆನರ್ಡನಿಂದ! ನಾನು ಅಧ್ಯಕ್ಷನಾಗಿದ್ರೆ ಈ ದೀಪ ಎಂದೋ ಉರೀತಿತ್ತು!"

"ಹಂಗಾದ್ರೆ ನಿಂತ್ಕೊಳ್ರೀ. ಮಧ್ಯಾಹ್ನ ಹೆಂಗೂ ಚುನಾವಣೆ ಇದೆಯಲ್ಲ" ಎಂದಿತು ಒಂದು ಹೆಣ್ಣುದನಿ.

ನೋಡಿದರೆ ಥೆಲ್ಮಾ! ನಾರಿಸ್‌ಗೆ ನೋವೆಲ್ಲ ಮರೆತುಹೋಯಿತು.

ಮಧ್ಯಾಹ್ನ ಕುಂಟುತ್ತಲೇ ಸಭೆಗೆ ಹೋದ. ಅವನ ಹೆಸರು ಬಂದದ್ದೇ ತಡ, ಥೆಲ್ಮಾ ಎಲ್ಲರಿಗಿಂತ ಮೊದಲು ಕೈಯೆತ್ತಿದಳು; ಪಕ್ಕದಲ್ಲಿ ತೂಕಡಿಸುತ್ತಿದ್ದವನನ್ನೂ ತಿವಿದು ಎತ್ತಿಸಿದಳು. ನಾರಿಸ್ ಭಾರಿ ಬಹುಮತದಿಂದ ಗೆದ್ದ. ಲೆನರ್ಡ್‌ನ ಸಪ್ಪೆ ಮೋರೆ ನೋಡಿ ಆನಂದಪಡೋಣವೆಂದು ತಿರುಗಿದರೆ, ಆಸಾಮಿ ಓಡಿ ಬಂದು ಅವನನ್ನು ತಬ್ಬಿಕೊಂಡ. ಹಿಂದೆಯೇ ಥೆಲ್ಮಾ ಬಂದಳು, ಕಣ್ಣಲ್ಲಿ ನೀರು.

"ಬದುಕಿಸಿದ್ರಿ ನಾರಿಸ್! ಈ ಹೊರೆ ಹೊರೋಕೆ ಇನ್ನೊಬ್ಬರು ಸಿಗೋವರೆಗೂ ಮದುವೆ ಬೇಡ ಅಂತ ಹಟ ಹಿಡಿದಿದ್ರು ಇವರು. ಯಾರನ್ನು ಕೇಳಿದ್ರೂ ಕೈಮುಗಿದು ಓಡೋರು. ಮುಂದಿನ ತಿಂಗಳು ಮದುವೆ, ಆಮೇಲೆ ಸೀದಾ ಸ್ಪೇನ್‌ಗೆ!"

ಲೆನರ್ಡ್ ಸಂಘದ ಮೊಬೈಲನ್ನು ನಾರಿಸ್‌ನ ಅಂಗೈಗೆ ತುರುಕಿ, ಥೆಲ್ಮಾಳ ತೋಳು ಹಿಡಿದು ಹೊರಟ. ಅವರಿನ್ನೂ ಬಾಗಿಲು ದಾಟಿರಲಿಲ್ಲ, ಮೊಬೈಲು ಬಡಿದುಕೊಳ್ಳತೊಡಗಿತು.

"ಹಲೋ, ಅಧ್ಯಕ್ಷರಾ? ನಮ್ಮನೆ ಕಕ್ಕಸು ಕಟ್ಕೊಂಡಿದೆ. ಬೇಗ ಬನ್ನಿ, ಬರೋವಾಗ ಬಕೆಟ್ ತನ್ನಿ."