ಎದೆಗಂಟಿದ ದೋಣಿ

ಕಾಗದ ಮಡಚುವುದೇ ಕಸುಬಾದ ಮನುಷ್ಯ ಮಡಚಿದ ದೋಣಿ ನಾಲ್ಕು ಮಾರು ಹೋಗುವಷ್ಟರಲ್ಲಿ ಮುಳುಗುತ್ತದೆ ಎಂದರೆ ಅದಕ್ಕಿಂತ ದೊಡ್ಡ ಅವಮಾನ ಬೇರೆ ಉಂಟೇ? ನಮ್ಮ ಬೈಂಡರನ ಪಾಡು ಅದಾಗಿತ್ತು. ಬೀದಿಯ ತುದಿಯಲ್ಲಿ ಅವನ ಬೈಂಡಿಂಗ್ ಅಂಗಡಿ. ಊರಿನ ಹರಿದ ಪುಸ್ತಕಗಳೆಲ್ಲ ಅಲ್ಲಿಗೆ ಬಂದು ಹೊಸ ರಟ್ಟು ತೊಟ್ಟು ಹೋಗುತ್ತಿದ್ದವು. ಬೆಳಗಿನಿಂದ ಸಂಜೆಯವರೆಗೆ ಮಡಚುವುದು, ಹೊಲಿಯುವುದು, ಅಂಟು ಬಳಿಯುವುದು, ಇದೇ ಕೆಲಸ. ಆದರೂ ಮಳೆಗಾಲದ ದೋಣಿ ಪಂದ್ಯದಲ್ಲಿ ಸತತ ಐದು ವರ್ಷ ಕೊನೆಯ ಸ್ಥಾನ ಅವನಿಗೇ ಕಾಯಂ.

ಈ ಪಂದ್ಯ ಅವನ ಹೆಂಡತಿಯ ತವರಿನವರ ಸಂಪ್ರದಾಯ. ಮಳೆ ಚೆನ್ನಾಗಿ ಹಿಡಿದು ಮಕ್ಕಳಿಗೆ ಮಳೆಗಾಲದ ರಜೆ ಶುರುವಾಗುವ ಭಾನುವಾರ ಎಲ್ಲರೂ ಬೈಂಡರನ ಮನೆಯ ಮುಂದೆ ಸೇರುತ್ತಿದ್ದರು. ಯಾಕೆಂದರೆ ಅದು ಇಳಿಜಾರಿನ ಬೀದಿ, ಪಕ್ಕದ ಕಾಲುವೆಯಲ್ಲಿ ನೀರು ಓಡುವ ಚೆಂದವೇ ಬೇರೆ. ಹೆಂಡತಿಯ ದೊಡ್ಡಮ್ಮ ಅವತ್ತಿನ ಪತ್ರಿಕೆಯ ಒಂದೊಂದು ಹಾಳೆಯನ್ನು ಮೂರು ಮನೆಯ ಯಜಮಾನರ ಕೈಗೂ ಕೊಡುತ್ತಿದ್ದರು. ಅದನ್ನು ಮಡಚಿ ದೋಣಿ ಮಾಡಿ ಮೇಲಿನ ನಲ್ಲಿಯ ಹತ್ತಿರ ನೀರಿಗೆ ಬಿಡಬೇಕು. ಕೆಳಗಿನ ತಿರುವಿನಲ್ಲಿರುವ ಕಬ್ಬಿಣದ ಜಾಲರಿಗೆ ಯಾರ ದೋಣಿ ಕೊನೆಗೆ ಬರುತ್ತದೋ, ಅವರ ಮನೆಯಲ್ಲಿ ರಜೆಯ ಮೊದಲ ವಾರವೆಲ್ಲ ಇಡೀ ಬಳಗದ ಠಿಕಾಣಿ.

ಬಳಗವೆಂದರೆ ಸಾಮಾನ್ಯವೇ! ದೊಡ್ಡಮ್ಮ ನಿವೃತ್ತ ಮುಖ್ಯೋಪಾಧ್ಯಾಯಿನಿ. ಶಾಲೆಯವರು ಬೀಳ್ಕೊಡುವಾಗ ನೆನಪಿಗೆಂದು ಕೊಟ್ಟ ಹಿತ್ತಾಳೆ ಗಂಟೆಯನ್ನು ಹೋದಲ್ಲೆಲ್ಲ ಒಯ್ಯುತ್ತಿದ್ದರು. ಬೆಳಕು ಹರಿಯುವ ಮೊದಲೇ ಅದನ್ನು ಬಾರಿಸಿ ಮನೆ ಮಂದಿಯನ್ನೆಲ್ಲ ಎಬ್ಬಿಸುತ್ತಿದ್ದರು. ಹೆಂಡತಿಯ ಅಣ್ಣ, ಅಂದರೆ ಭಾವ, ಡ್ರೈವಿಂಗ್ ಸ್ಕೂಲ್ ಇಟ್ಟವನು. ಊಟಕ್ಕೆ ಕೂತಾಗಲೂ "ನಿಧಾನ, ನಿಧಾನ, ಎಡಕ್ಕೆ ನೋಡ್ಕೊಂಡು ಬಡಿಸಿ" ಎನ್ನುವ ಜಾತಿ. ಹೆಂಡತಿಯ ತಂಗಿಯ ಗಂಡನಾದ ಷಡ್ಡಕನದು ಕನ್ನಡಕದ ಅಂಗಡಿ. ಅವನು ಎದುರಿಗೆ ಸಿಕ್ಕವರಿಗೆಲ್ಲ ಒಂದು ಕಣ್ಣು ಮುಚ್ಚಿಸಿ ಗೋಡೆಯ ಕ್ಯಾಲೆಂಡರ್ ಓದಿಸುತ್ತಿದ್ದ. ಇವರ ಹೆಂಡಿರು, ಮಕ್ಕಳು ಬೇರೆ. ಬೈಂಡರನದೋ ಎರಡೇ ಕೋಣೆಯ ಮನೆ. ಹೋದ ವರ್ಷ ಆ ವಾರವೆಲ್ಲ ಅವನು ಅಂಗಡಿಯಲ್ಲಿ, ಕಾಗದ ಕತ್ತರಿಸುವ ಯಂತ್ರದ ಕೆಳಗೆ, ನಿಘಂಟೊಂದನ್ನು ತಲೆಗೆ ಇಟ್ಟುಕೊಂಡು ಮಲಗಿದ್ದ.

ಈ ಸಲ ಹೆಂಡತಿ ಮೊದಲೇ ಹೇಳಿಬಿಟ್ಟಿದ್ದಳು. "ನೋಡಿ, ಈ ವರ್ಷಾನೂ ಎಲ್ಲರೂ ನಮ್ಮನೇಲೇ ಉಳಿದ್ರೆ ಅಡುಗೆಮನೆ ನಿಮ್ದು. ನಾನು ದೊಡ್ಡಮ್ಮನ ಪಕ್ಕ ನೆಂಟರ ಥರ ಕೂತು ಊಟ ಮಾಡ್ತೀನಿ. ಐದು ವರ್ಷ ಬೇಯಿಸಿ ಹಾಕಿದ್ದು ಸಾಕಾಯ್ತು."

"ನಂಗೆ ಅಡುಗೆ ಎಲ್ಲಿ ಬರುತ್ತೆ ಮಾರಾಯ್ತಿ?"

"ದೋಣಿ ಮಾಡೋಕೂ ಬರಲ್ಲ. ಎರಡರಲ್ಲಿ ಒಂದನ್ನಾದ್ರೂ ಕಲೀರಿ."

ಕಲಿಯುವ ವಯಸ್ಸು ದಾಟಿದವರಿಗೆ ಉಳಿದಿರುವ ದಾರಿ ಮೋಸ ಒಂದೇ. ಭಾನುವಾರ ಬೆಳಿಗ್ಗೆ ಬೈಂಡರ್ "ಅರ್ಜೆಂಟ್ ಆರ್ಡರ್ ಇದೆ" ಎಂದು ಹೆಂಡತಿಗೆ ಹೇಳಿ, ದಾರಿಯಲ್ಲಿ ಅವತ್ತಿನ ಪತ್ರಿಕೆ ಕೊಂಡು ಅಂಗಡಿ ಸೇರಿದ. ತೆಳ್ಳನೆಯ ರಟ್ಟಿನಲ್ಲಿ ಅಂಗೈ ಉದ್ದದ ದೋಣಿ ಮಾಡಿ, ಮೇಲೆ ಪತ್ರಿಕೆಯ ಹಾಳೆ ಅಂಟಿಸಿ, ತಳಕ್ಕೆ ಮೇಣ ಸವರಿದ. ನೋಡಿದವರಿಗೆ ಬರೀ ಕಾಗದ, ಒಳಗೆ ಗಟ್ಟಿ ಹಡಗು. ಇಷ್ಟಕ್ಕೇ ಬಿಟ್ಟಿದ್ದರೆ ಅವನ ಗ್ರಹಚಾರ ಅಷ್ಟು ಕೆಡುತ್ತಿರಲಿಲ್ಲ. ಆದರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಇಂಜಿನಿಯರು ಇದ್ದರಲ್ಲ! ನೀರು ಸರಬರಾಜು ಇಲಾಖೆಯಿಂದ ನಿವೃತ್ತರಾದ ಮೇಲೆ ಅವರ ಮಾತು ಕೇಳುವವರು ಯಾರೂ ಉಳಿದಿರಲಿಲ್ಲ. ಮೇಣದ ವಾಸನೆ ಹಿಡಿದು ಕೆಳಗಿಳಿದು ಬಂದೇಬಿಟ್ಟರು.

"ಏನ್ರೀ ಇದು? ದೋಣಿನಾ? ನೀರಿನ ವಿಷಯ ಅಂದ್ಮೇಲೆ ನನ್ನ ಒಂದು ಮಾತು ಕೇಳ್ಬಾರ್ದಾ?"

"ಸುಮ್ನೆ... ಮಕ್ಕಳ ಆಟಕ್ಕೆ ಸಾರ್."

"ಆಟಕ್ಕಾಗ್ಲಿ, ಯುದ್ಧಕ್ಕಾಗ್ಲಿ, ಮೇಲಿಂದ ನೀರು ಒಳಗೆ ಬಂದ್ರೆ ಕತೆ ಮುಗೀತು. ಎಲ್ಲಿ ನಿಮ್ಮ ಅಂಟು? ಮೇಲ್ಭಾಗಕ್ಕೂ ದಪ್ಪಗೆ ಒಂದು ಕೋಟ್ ಹೊಡೀರಿ."

"ಒಣಗೋಕೆ ಟೈಮಿಲ್ಲ ಸಾರ್."

"ಟೈಮಿಲ್ಲ ಅಂತ ಅಣೆಕಟ್ಟು ಅರ್ಧಕ್ಕೆ ಬಿಡ್ತಾರೇನ್ರೀ?" ಎನ್ನುತ್ತ ಅವರೇ ಬ್ರಷ್ ಎತ್ತಿಕೊಂಡರು. ರಾಮಾಯಣದಷ್ಟು ದಪ್ಪದ ಪುಸ್ತಕದ ಬೆನ್ನಿಗೆ ಹಚ್ಚುವಷ್ಟು ಅಂಟು ಆ ಪುಟ್ಟ ದೋಣಿಗೆ ಬಿತ್ತು. ಅಷ್ಟರಲ್ಲೇ ಹೊರಗೆ ಭಾವನ ಕಾರಿನ ಹಾರನ್ ಕೇಳಿಸಿತು. ಡ್ರೈವಿಂಗ್ ಸ್ಕೂಲಿನ ಹಾರನ್, ಸತ್ತವರನ್ನೂ ಎಬ್ಬಿಸುವಂಥದ್ದು. ಬಳಗ ಬೇಗ ಬಂದುಬಿಟ್ಟಿದೆ! ಬೈಂಡರ್ ಹಸಿ ದೋಣಿಯನ್ನು ಅಂಗಿಯೊಳಗೆ ತುರುಕಿಕೊಂಡು ಗುಂಡಿ ಹಾಕಿಕೊಂಡ. ಬೆಳಗಿನ ಗಡಿಬಿಡಿಯಲ್ಲಿ ಬನಿಯನ್ ಹಾಕಿಕೊಂಡಿಲ್ಲ ಎಂಬುದು ನೆನಪಾದದ್ದು ತಣ್ಣಗಿನ ಅಂಟು ಎದೆಗೆ ತಾಗಿದ ಮೇಲೆಯೇ.

ಮನೆಯ ಮುಂದೆ ಜಾತ್ರೆ ನೆರೆದಿತ್ತು. ಕಾರಿನ ತಲೆಯ ಮೇಲೆ ಸೂಟ್‌ಕೇಸುಗಳು. ಎಲ್ಲಿ ಉಳಿಯುವುದೆಂದು ಪಂದ್ಯ ತೀರ್ಮಾನಿಸಬೇಕು ನಿಜ, ಆದರೆ ಅವು ಮಾತ್ರ ಆಗಲೇ ಬೈಂಡರನ ಬಾಗಿಲಿನ ಕಡೆ ನೋಡುತ್ತಿದ್ದಂತಿತ್ತು. ಬೈಂಡರ್ ಬಲಗೈಯನ್ನು ಎದೆಯ ಮೇಲೆ ಒತ್ತಿ ಹಿಡಿದುಕೊಂಡೇ ಬಂದ.

"ಏನ್ ಭಾವಯ್ಯ, ಪ್ರಾರ್ಥನೆಗೆ ನಿಂತ ಹಾಗಿದೆ?" ಎಂದು ಭಾವ ಬೆನ್ನಿಗೆ ಗುದ್ದಿದ.

ಆ ಗುದ್ದಿಗೆ ದೋಣಿ ಇನ್ನಷ್ಟು ಭದ್ರವಾಗಿ ಕೂತುಕೊಂಡಿತು. ಅಂಟು ಒಣಗುತ್ತ ಒಣಗುತ್ತ ಎದೆಯ ಕೂದಲನ್ನು ಒಂದೊಂದಾಗಿ ಹಿಡಿದು ಎಳೆಯತೊಡಗಿತು. ಉಸಿರೆಳೆದರೆ ಚುರುಕ್, ಬಿಟ್ಟರೆ ಚುರುಕ್. ಬೈಂಡರನ ಮುಖ ಕಿವುಚಿಕೊಂಡಿತು, ಹಣೆ ಬೆವರಿತು. ದೊಡ್ಡಮ್ಮನ ಕಣ್ಣಿಂದ ಯಾವ ಮಗು ತಪ್ಪಿಸಿಕೊಂಡದ್ದುಂಟು?

"ಅಳಿಯಂದ್ರೇ, ಎದೆ ಯಾಕೆ ಹಿಡ್ಕೊಂಡಿದ್ದೀರಿ? ನೋವಾ?"

"ಇಲ್ಲ ದೊಡ್ಡಮ್ಮ... ಸ್ವಲ್ಪ... ಬಿಗಿಯಾದ ಹಾಗೆ."

"ಯಾವಾಗಿಂದ?"

"ದೋಣಿ... ದೋಣಿ ಪಂದ್ಯ ಅಂದಾಗಿಂದ" ಎಂದು ಬಾಯಿಗೆ ಬಂದದ್ದನ್ನು ಹೇಳಿದ.

ದೊಡ್ಡಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ, "ಒಳಗೆ ಹೋಗಿ ಮುಖಕ್ಕೆ ನೀರು ಹಾಕ್ಕೊಳ್ಳಿ. ಈ ಹಾಳೆ ತಗೊಳ್ಳಿ, ಅಲ್ಲೇ ಕೂತು ನಿಧಾನಕ್ಕೆ ಮಡಚಿ. ಅವಸರ ಇಲ್ಲ" ಎಂದರು.

ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ಕಿತ್ತು. ಬೈಂಡರ್ ಬಚ್ಚಲುಮನೆಗೆ ನುಗ್ಗಿ ಚಿಲಕ ಹಾಕಿಕೊಂಡ. ಅಂಗಿ ಬಿಚ್ಚಿ ನೋಡಿದರೆ ದೋಣಿ ಎದೆಯ ಮೇಲೆ ಹುಟ್ಟಿನಿಂದಲೇ ಇದ್ದಂತೆ ಕೂತಿದೆ. ನೀರು ಹಾಕಿದ, ಜಗ್ಗಲಿಲ್ಲ. ಸೋಪು ತಿಕ್ಕಿದ, ಪರಿಮಳ ಬಂತು ಅಷ್ಟೆ. ಮೂವತ್ತು ವರ್ಷದಿಂದ ಗಿರಾಕಿಗಳಿಗೆ "ಪುಸ್ತಕ ಹರಿದೀತು, ನನ್ನ ಅಂಟು ಬಿಡೋದಿಲ್ಲ" ಎಂದು ಹೇಳುತ್ತಿದ್ದನಲ್ಲ, ಅದು ನಿಜವೆಂದು ಇವತ್ತು ತಿಳಿಯಿತು. ಹೊರಗೆ ದೊಡ್ಡಮ್ಮ ತರಗತಿಯ ಗಂಟಲಿನಲ್ಲಿ ಏನೋ ಹೇಳುತ್ತಿರುವುದು ತೆರೆದ ಕಿಟಕಿಯಿಂದ ಬರುತ್ತಿತ್ತು. ಪ್ರತಿ ವರ್ಷದ ಅದೇ ಭಾಷಣ ಇರಬೇಕು, ದೋಣಿಗೆ ಕೈ ಹಚ್ಚಬಾರದು, ಕೋಲು ತಾಗಿಸಬಾರದು. ಅದನ್ನು ಕೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ. ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ದೋಣಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದ.

"ಅಯ್ಯಯ್ಯಯ್ಯಪ್ಪೋ!"

ಹೊರಗಿದ್ದವರೆಲ್ಲ ಹೋ ಎಂದು ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಯಾಕೆ ತಟ್ಟಿದರೋ ಯಾರಿಗೆ ಗೊತ್ತು. ದೋಣಿ ಕೈಗೆ ಬಂದಿತ್ತು, ಅದರ ಮೇಲ್ಭಾಗದಲ್ಲಿ ಒಂದಷ್ಟು ಕೂದಲೂ ಬಂದಿತ್ತು. ದೊಡ್ಡಮ್ಮ ಕೊಟ್ಟ ಹಾಳೆಯನ್ನು ಉಂಡೆ ಮಾಡಿ ಜೇಬಿಗೆ ಹಾಕಿಕೊಂಡು, ಯುದ್ಧ ಗೆದ್ದವನಂತೆ ಹೊರಗೆ ಬಂದ.

ಮಳೆ ಜೋರಾಯಿತು. ಮೂರು ದೋಣಿಗಳು ನೀರಿಗಿಳಿದವು. ತಗಡಿನ ಮಾಡುಗಳ ಮೇಲೆ ಮಳೆಯ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸದು. ಅವತ್ತು ಎಲ್ಲವೂ ಬೈಂಡರನ ಕಡೆಗೇ ಇತ್ತು. ಪ್ರತಿ ವರ್ಷ ಕಾಲುವೆಯ ಪಕ್ಕದಲ್ಲಿ ಕೂಗುತ್ತ ಓಡುತ್ತಿದ್ದ ಭಾವ ಕೊಡೆ ಹಿಡಿದು ಸಂಜೆಯ ವಾಯುವಿಹಾರಕ್ಕೆ ಹೊರಟವನಂತೆ ಬರುತ್ತಿದ್ದ. ಅವನ ದೋಣಿಯೋ, ಒದ್ದೆ ಟವೆಲ್ ಸುತ್ತಿ ಎಸೆದಂತಿತ್ತು. ಷಡ್ಡಕ ತನ್ನ ದೋಣಿಯಲ್ಲಿ ಒಂದು ಕಲ್ಲು ಇಟ್ಟಿದ್ದ. "ಇದ್ಯಾಕೆ?" ಎಂದು ಸನ್ನೆಯಲ್ಲಿ ಕೇಳಿದರೆ "ಬ್ಯಾಲೆನ್ಸಿಗೆ" ಎಂದು ಸನ್ನೆ ಮಾಡಿದ. ಬೈಂಡರನಿಗೆ ಒಳಗೊಳಗೇ ನಗು. ಕನ್ನಡಕದ ಅಂಗಡಿ ಇಟ್ಟವನಿಗೆ ತನ್ನ ದೋಣಿ ಮುಳುಗುತ್ತಿರುವುದೇ ಕಾಣುತ್ತಿಲ್ಲವಲ್ಲ!

ರಟ್ಟಿನ ದೋಣಿ ಬಾಣದಂತೆ ಹೋಗುತ್ತಿತ್ತು. ಮನೆಯ ಮೆಟ್ಟಿಲ ಮೇಲೆ ಹೆಂಡತಿ ಎರಡೂ ಕೈ ಎತ್ತಿ ಬೀಸುತ್ತಿದ್ದಳು, ಬಾಯಿ ತೆರೆದು ಏನೋ ಕೂಗುತ್ತಿದ್ದಳು. ಮದುವೆಯಾದಾಗಿನಿಂದ ಅವಳು ತನ್ನನ್ನು ಇಷ್ಟು ಹುರಿದುಂಬಿಸಿದ್ದು ಇದೇ ಮೊದಲು ಎಂದು ಬೈಂಡರ್ ಹಿಗ್ಗಿದ. ಅವನೂ ಎರಡು ಕೈ ಎತ್ತಿ ಬೀಸಿದ. ಅವಳು ಹಣೆ ಚಚ್ಚಿಕೊಂಡಳು.

ಅರ್ಧ ದಾರಿಯಲ್ಲಿ ಎಲೆಗಳ ರಾಶಿಗೆ ಸಿಕ್ಕಿ ದೋಣಿ ನಿಂತುಬಿಟ್ಟಿತು. ಹೆಂಡತಿ ಚಪ್ಪಾಳೆ ತಟ್ಟಿದಂತೆ ಕಂಡಿತು, ಅಷ್ಟರಲ್ಲಿ ರೇನ್‌ಕೋಟು ತೊಟ್ಟ ಇಂಜಿನಿಯರು ಎಲ್ಲಿಂದಲೋ ಪ್ರತ್ಯಕ್ಷರಾದರು. "ಕಾಲುವೆ ಕಟ್ಕೊಂಡ್ರೆ ಬೀದಿಗೆ ನೀರು ನುಗ್ಗುತ್ತೆ, ಇದು ಸಾರ್ವಜನಿಕ ಹಿತ!" ಎಂದು ಕೊಡೆಯ ತುದಿಯಿಂದ ಎಲೆಗಳನ್ನು ಕೆದಕಿ ಹಾಕಿದರು. ದೋಣಿಗೆ ಅವರು ಕೋಲು ತಾಗಿಸಲಿಲ್ಲ, ಎಲೆಗೆ ಮಾತ್ರ. ತಡೆದು ನಿಂತಿದ್ದ ನೀರೆಲ್ಲ ಒಮ್ಮೆಲೇ ನುಗ್ಗಿ ದೋಣಿಯನ್ನು ಹೊತ್ತೊಯ್ದು ಜಾಲರಿಗೆ ಟಪ್ಪೆಂದು ಬಡಿಯಿತು. ಉಳಿದೆರಡು ದೋಣಿಗಳು ಆಗಲೇ ಜಲಸಮಾಧಿಯಾಗಿದ್ದವು.

"ಗೆದ್ದೆ! ಗೆದ್ದೆ ಕಣ್ರೋ!" ಎಂದು ಬೈಂಡರ್ ಮಳೆಯಲ್ಲೇ ಕುಣಿದ.

ಎಲ್ಲರಿಗಿಂತ ಮೊದಲು ಓಡಿ ಬಂದು ತಬ್ಬಿಕೊಂಡವನು ಭಾವ. ಹಿಂದೆಯೇ ಷಡ್ಡಕ. ಸೋತವರ ಮುಖದಲ್ಲಿ ಇಷ್ಟು ಕಳೆ ಬೈಂಡರ್ ಕಂಡೇ ಇರಲಿಲ್ಲ. ಅವರ ಬೆನ್ನ ಹಿಂದೆ ನೋಡಿದರೆ ಮಕ್ಕಳು ಕಾರಿನಿಂದ ಸೂಟ್‌ಕೇಸುಗಳನ್ನು ಇಳಿಸಿ ಅವನ ಮನೆಯೊಳಗೆ ಸಾಗಿಸುತ್ತಿದ್ದಾರೆ!

"ಏಯ್, ಏಯ್! ಎಲ್ಲಿಗೆ? ಗೆದ್ದೋನು ನಾನು!"

"ಅದಕ್ಕೇ ಅಲ್ವಾ!" ಎಂದ ಭಾವ. "ಈ ವರ್ಷದಿಂದ ಗೆದ್ದವರ ಮನೇಲಿ ವಾಸ್ತವ್ಯ. ದೊಡ್ಡಮ್ಮ ಹೇಳಿದ್ದು ಕಿಟಕಿಯಿಂದ ಕೇಳಿ ಒಳಗಿಂದಲೇ ಖುಷಿಗೆ ಕೂಗಿದ್ರಲ್ಲ ನೀವು. ನಾವು ಚಪ್ಪಾಳೆ ತಟ್ಟಿದ್ದು ಕೇಳಿಸಲಿಲ್ವಾ?"

ಬೈಂಡರನಿಗೆ ಭೂಮಿ ಬಾಯಿಬಿಟ್ಟಂತಾಯಿತು. ದೊಡ್ಡಮ್ಮ ಕೊಡೆ ಹಿಡಿದು ಹತ್ತಿರ ಬಂದರು. "ನಿಮ್ಮ ಎದೆನೋವು ನೋಡಿ ನನ್ನ ಮನಸ್ಸು ತಡೀಲಿಲ್ಲ ಅಳಿಯಂದ್ರೇ. ಪ್ರತಿ ವರ್ಷ ಸೋಲೂ ನಿಮಗೇ, ಖರ್ಚೂ ನಿಮಗೇ ಅಂದ್ರೆ ಯಾವ ನ್ಯಾಯ? ಹೇಗೂ ನೀವೇ ಸೋಲೋದಲ್ವಾ, ಈ ಸಲವಾದ್ರೂ ಆರಾಮಾಗಿರ್ಲಿ ಅಂತ ನಿಯಮ ಬದಲಾಯಿಸಿದೆ. ನೀವು ನೋಡಿದ್ರೆ ಗೆದ್ದೇಬಿಟ್ರಿ!"

ಇನ್ನು ಮಾನದ ಯೋಚನೆ ಮಾಡುವ ಹೊತ್ತಲ್ಲ. ಬೈಂಡರ್ ಜಾಲರಿಗೆ ಹಾರಿ ದೋಣಿಯನ್ನು ಎತ್ತಿಕೊಂಡು ಬಂದ. ಜೇಬಿನಿಂದ ಹಾಳೆಯ ಉಂಡೆಯನ್ನೂ ತೆಗೆದ. "ನಾನು ಗೆದ್ದಿಲ್ಲ ದೊಡ್ಡಮ್ಮ, ಮೋಸ ಮಾಡಿದೆ! ನೋಡಿ, ಒಳಗೆ ರಟ್ಟು, ತಳಕ್ಕೆ ಮೇಣ. ನೀವು ಕೊಟ್ಟ ಹಾಳೆ ಇಲ್ಲಿದೆ. ನನ್ನ ಗೆಲುವು ರದ್ದು ಮಾಡಿ!"

ದೊಡ್ಡಮ್ಮ ದೋಣಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಕನ್ನಡಕ ಏರಿಸಿ ಅದಕ್ಕಂಟಿದ ಕೂದಲನ್ನೂ ನೋಡಿದರು.

"ಇದನ್ನ ಯಾವಾಗ ಮಾಡಿದ್ರಿ?"

"ಬೆಳಿಗ್ಗೆ."

"ನಿಯಮ ಬದಲಾಗೋಕೆ ಮುಂಚೆ. ಅಂದ್ರೆ ನಮ್ಮನ್ನ ದೂರ ಇಡೋಕೆ." ದೊಡ್ಡಮ್ಮನ ದನಿ ಸಣ್ಣಗಾಯಿತು. ಭಾವ ತಲೆ ತಗ್ಗಿಸಿದ. ಆಮೇಲೆ ದೊಡ್ಡಮ್ಮ ತಟಕ್ಕನೆ ಮುಖ ಎತ್ತಿದರು. "ಆದ್ರೆ ಗೆದ್ದವರ ಮನೇಲಿ ಅಂತ ನಾನು ಹೇಳಿದ್ದು ಕೇಳಿದ ಮೇಲೂ ಇದನ್ನೇ ನೀರಿಗೆ ಬಿಟ್ರಲ್ಲ! ನನ್ನ ಹಾಳೆ ಮಡಚಿ ಬಿಟ್ಟಿದ್ರೆ ಯಾವತ್ತಿನ ಹಾಗೆ ಮುಳುಗ್ತಿತ್ತು, ನಿಮಗೆ ಬಿಡುಗಡೆ ಸಿಗ್ತಿತ್ತು. ಎದೆನೋವಿದ್ರೂ ಗೆದ್ದು ನಮ್ಮನ್ನೆಲ್ಲ ಮನೆಗೆ ಕರೆಸ್ಕೋಬೇಕು ಅಂತ ಕೊನೇ ಗಳಿಗೇಲಿ ಮನಸ್ಸು ಬದಲಾಯಿಸಿದ್ರಾ?"

ದೊಡ್ಡಮ್ಮನ ಕಣ್ಣಲ್ಲಿ ನೀರು ತುಂಬಿತ್ತು, ಮಳೆಯದಲ್ಲ. "ಶಾಲೆ ಬಿಟ್ಟ ಮೇಲೆ ನಾನು ಎಲ್ಲಿಗೆ ಹೋದ್ರೂ ಜನ ಗಡಿಯಾರ ನೋಡ್ತಾರೆ ಅಳಿಯಂದ್ರೇ. ನಂಗದು ಗೊತ್ತಾಗಲ್ಲ ಅಂದ್ಕೊಂಡಿದ್ದೀರಾ? ನನ್ನ ಕರೆಸ್ಕೊಳ್ಳೋಕೆ ಮೋಸ ಮಾಡಿದೋರು ನೀವೊಬ್ರೇ."

ಬೈಂಡರ್ ಬಾಯಿ ತೆರೆದ. ಕೇಳಿಸಲಿಲ್ಲ ದೊಡ್ಡಮ್ಮ, ನಾನು ಬಚ್ಚಲಲ್ಲಿ ದೋಣಿ ಕೀಳುತ್ತಿದ್ದೆ ಎಂದು ಹೇಳಿಬಿಟ್ಟರೆ ಸಾಕು, ಕೋಣೆಗಳೆರಡೂ ಉಳಿಯುತ್ತವೆ. ಮಾತು ನಾಲಿಗೆಯ ತುದಿಯವರೆಗೂ ಬಂತು. ಆ ಮುದುಕಿಯ ಒದ್ದೆ ಮುಖ ನೋಡಿದ. ಛೆ, ಎಂಥ ಪಾಪಿಯ ಬಾಯಿಂದಲೂ ಆ ಮಾತು ಹೊರಡುವಂತಿರಲಿಲ್ಲ.

"ಹೌದು ದೊಡ್ಡಮ್ಮ" ಎಂದ.

"ಹಾಗಾದ್ರೆ ಒಂದು ವಾರ ಸಾಲದು!" ಎಂದು ದೊಡ್ಡಮ್ಮ ಅಲ್ಲೇ ಘೋಷಿಸಿದರು. "ರಜೆ ಪೂರ್ತಿ ಇಲ್ಲೇ." ಮಕ್ಕಳು ಹೋ ಎಂದವು, ಯಾರೋ ಹಿತ್ತಾಳೆ ಗಂಟೆಯನ್ನು ಬಾರಿಸಿಯೇಬಿಟ್ಟರು. ಇಂಜಿನಿಯರು ಬಂದು ಕೈ ಕುಲುಕಿ, "ಮೇಲಿನ ಅಂಟಿನ ಕೋಟು ಯಾರ ಐಡಿಯಾ ಅಂತ ಅವರಿಗೆ ಹೇಳಿದ್ರಾ?" ಎಂದು ಕೇಳಿದರು.

ಬೈಂಡರ್ ಮನೆಯೊಳಗೆ ಕಾಲಿಟ್ಟ. ಹಜಾರದಲ್ಲಿ ಸೂಟ್‌ಕೇಸುಗಳ ಗುಡ್ಡ. ಷಡ್ಡಕ ಆಗಲೇ ಒಂದು ಮಗುವಿನ ಕಣ್ಣು ಮುಚ್ಚಿಸಿ ಕ್ಯಾಲೆಂಡರ್ ಓದಿಸುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಸೌಟು ಹಿಡಿದು ಕಾಯುತ್ತಿದ್ದಳು. ಅದನ್ನು ಅವನ ಕೈಗಿಟ್ಟು, ದೊಡ್ಡಮ್ಮನ ಪಕ್ಕ ಕೂರಲು ಹೊರಟವಳು ಒಂದು ಗಳಿಗೆ ನಿಂತಳು.

"ಎದೆನೋವು ಅಂದ್ರಲ್ಲ, ಈಗ ಹೇಗಿದೆ?"

"ಈಗ ಶುರುವಾಯ್ತು ಕಣೆ" ಎಂದ ಬೈಂಡರ್.