ಕಂಡಕ್ಟರ್ ಮೈದುನನ ಕನ್ಯಾನ್ವೇಷಣೆ

ಚನ್ನಗಿರಿಯಿಂದ ನ್ಯಾಮತಿಯವರೆಗೆ ನನ್ನ ಮೈದುನ ಉಪ್ಪಿಟ್ಟು ತಿನ್ನದ ಮನೆಯಿಲ್ಲ. ಅವನಿಗೆ ಹೆಣ್ಣು ಕೊಟ್ಟ ಮನೆಯೂ ಇಲ್ಲ!

ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಆ ಉಪ್ಪಿಟ್ಟಿನಲ್ಲಿ ನನಗೂ ಪಾಲಿತ್ತು. ಅತ್ತಿಗೆಯಾದ ತಪ್ಪಿಗೆ ಪ್ರತಿ ಸಲವೂ ಜರಿಸೀರೆ ಉಟ್ಟು ಅವನ ಜೊತೆ ಹೋಗಿ, ಬರುವಾಗ ಅದೇ ಸೀರೆಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಂದವಳು ನಾನು. ನಮ್ಮ ಚನ್ನಗಿರಿಯ ಕೇರಿಗೆ ಟೀವಿ ಬಂದದ್ದು ಎಂಬತ್ತರ ದಶಕದಲ್ಲಿ. ಅಲ್ಲಿಯವರೆಗೆ ನೆರೆಹೊರೆಗೆಲ್ಲ ಧಾರಾವಾಹಿ ಅಂದರೆ ನನ್ನ ಮೈದುನ ಹೆಣ್ಣು ನೋಡಲು ಹೋಗುವುದೇ! ನಾವು ಬಂದು ಚಪ್ಪಲಿ ಬಿಡುವುದರೊಳಗೆ ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಕತ್ತು ಚಾಚಿ, "ಈ ಸಲ ಏನು ಮಾಡ್ದ?" ಎಂದು ಕೇಳುತ್ತಿದ್ದಳು. "ಏನಾಯ್ತು" ಅಂತಲ್ಲ, ಗಮನಿಸಿ. "ಏನು ಮಾಡ್ದ" ಅಂತ!

ಹುಡುಗ ನೋಡಲು ಲಕ್ಷಣವಾಗಿಯೇ ಇದ್ದ. ಬೀಡಿ ಸಿಗರೇಟು ಮುಟ್ಟುವವನಲ್ಲ, ಕುಡಿತದ ಗಾಳಿಯೂ ಇಲ್ಲ. ಕೆಲಸ ಖಾಸಗಿ ಬಸ್ಸಿನ ಕಂಡಕ್ಟರಿಕೆ. ಬಸ್ಸು ಚನ್ನಗಿರಿ ಬಿಟ್ಟು, ಕತ್ತಲಗೆರೆ ಕಡೆಯ ಹಳ್ಳಿಗಳನ್ನೆಲ್ಲ ಸುತ್ತಿ, ಹೊನ್ನಾಳಿ ಸೇರಿ, ನ್ಯಾಮತಿ ಮುಟ್ಟಿ ತಿರುಗಿ ಬರುತ್ತಿತ್ತು. ಅದರ ಮೆಟ್ಟಿಲ ಮೇಲೆ ಇವನು ನಿಂತನೆಂದರೆ ರಾಜ! ಕಿವಿ ಮೇಲೆ ಪೆನ್ಸಿಲ್ಲು, ಹೆಗಲಿಗೆ ಚರ್ಮದ ಚೀಲ, ಜೇಬಿನಲ್ಲಿ ವಿಷಲ್ಲು. ಒಂದು ಸಲ ಊದಿದರೆ ಬಸ್ಸು ನಿಲ್ಲಬೇಕು, ಎರಡು ಸಲ ಊದಿದರೆ ಹೊರಡಬೇಕು. ಅಜ್ಜಿಯರನ್ನು ಕೈಹಿಡಿದು ಹತ್ತಿಸುವುದೇನು, ಗಂಡಸರನ್ನು ರೇಗಿಸಿ ನಗಿಸುವುದೇನು! ಆದರೆ ಬಸ್ಸಿನಿಂದ ಕಾಲು ಕೆಳಗಿಟ್ಟು, ಎದುರಿಗೆ ಮದುವೆ ವಯಸ್ಸಿನ ಹೆಣ್ಣೊಂದು ಬಂತೋ, ಮುಗಿಯಿತು. ನಾಲಿಗೆ ಒಣಗುತ್ತಿತ್ತು, ಅಂಗಿ ತೊಯ್ದು ಮೈಗಂಟುತ್ತಿತ್ತು. ಆಮೇಲೆ ಬಾಯಿಗೆ ಬಂದರೆ ಬರುತ್ತಿದ್ದದ್ದು ಕಂಡಕ್ಟರನ ಮಾತು ಮಾತ್ರ.

ನಂಬಿಕೆ ಬರದಿದ್ದರೆ ಕೇಳಿ. ಮೊದಲನೆಯ ಸಲ ಹೋಗುವ ಮುಂಚೆ ನಾನೇ ಅವನಿಗೆ ತಾಲೀಮು ಕೊಟ್ಟೆ. "ನೋಡು, ನಾನೇ ಹುಡುಗಿ ಅಂತ ತಿಳ್ಕೋ. ತಟ್ಟೆ ತಂದು ಇಡ್ತೀನಿ. ನೀನು ನಿಧಾನಕ್ಕೆ, ನಿಮ್ಮ ಹೆಸರೇನು ಅಂತ ಕೇಳ್ಬೇಕು" ಎಂದು ಹೇಳಿಕೊಟ್ಟು, ತಲೆತುಂಬ ಸೆರಗು ಹೊದ್ದು, ಖಾಲಿ ತಟ್ಟೆ ಹಿಡಿದು ಅಡುಗೆಮನೆಯಿಂದ ಬಂದೆ. ದಿನಾ ಅನ್ನ ಬಡಿಸುವ ಅತ್ತಿಗೆ ನಾನು! ನನ್ನನ್ನು ನೋಡಿ ಅವನು ಬೆವರು ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು ಕೇಳಿದ:

"ಎಲ್ಲಿಗೆ?"

ಅವತ್ತೇ ನನಗೆ ಅರ್ಥವಾಗಬೇಕಿತ್ತು. ಆಗಲಿಲ್ಲ. ಹೊನ್ನಾಳಿಗೆ ಹೊರಟೇಬಿಟ್ಟೆವು, ನಾನು, ನಮ್ಮನೆಯವರು, ಅವನು.

ಹೊನ್ನಾಳಿಯವರದು ಅನುಕೂಲಸ್ಥ ಮನೆ. ಪಡಸಾಲೆಯಲ್ಲಿ ಜಮಖಾನ, ಜಮಖಾನದ ತುಂಬ ಬಂಧುಬಳಗ. ಹುಡುಗಿ ತಲೆ ತಗ್ಗಿಸಿ ಉಪ್ಪಿಟ್ಟಿನ ತಟ್ಟೆಗಳನ್ನು ಹಿಡಿದು ಬಂದು ಬಾಗಿಲಲ್ಲೇ ನಾಚಿ ನಿಂತಳು. ಹಿಂದೆ ಅವಳ ತಾಯಿ, ತಾಯಿಯ ಹಿಂದೆ ಅತ್ತೆ, ಅತ್ತೆಯ ಹಿಂದೆ ಇನ್ಯಾರೋ. ಬಾಗಿಲಲ್ಲಿ ಜನ ಕಟ್ಟಿಕೊಂಡದ್ದು ನೋಡಿ ನನ್ನ ಮೈದುನನಿಗೆ ಏನಾಯಿತೋ, ಧಡಕ್ಕನೆ ಎದ್ದು ನಿಂತು ಕೈ ಬೀಸಿ ಕೂಗಿದ:

"ಬಾಗಿಲಲ್ಲಿ ನಿಲ್ಲಬೇಡ್ರೀ! ಮುಂದೆ ಹೋಗ್ರಿ, ಮುಂದೆ ಹೋಗ್ರಿ! ಒಳಗೆ ಜಾಗ ಐತೆ!"

ಹುಡುಗಿ ಬೆಚ್ಚಿಬಿದ್ದು ಒಳಗೆ ಹೋದಳು. ಹೋದವಳು ಮತ್ತೆ ಬರಲಿಲ್ಲ. ಅವಳ ಜೊತೆ ಉಪ್ಪಿಟ್ಟೂ ಹೋಯಿತು. ಮೊದಲ ಸಾಲಿನಲ್ಲಿ ನಾನು ಹೇಳಿದ ಮಾತಿಗೆ ಅದೊಂದು ಮನೆ ಅಪವಾದ. ದಾರಿಯುದ್ದಕ್ಕೂ ನಮ್ಮನೆಯವರದು ಒಂದೇ ಕೊರಗು: "ಗೋಡಂಬಿ ಹಾಕಿದ್ರು ಕಣೇ."

ನ್ಯಾಮತಿಗೆ ಹೋಗುವಾಗ ನಾನು ಹುಷಾರಾದೆ. "ನೀನು ಬಾಯಿ ಬಿಡಲೇಬೇಡ. ಬರೀ ನಗ್ತಾ ಕೂತಿರು" ಎಂದು ಆಣೆ ಮಾಡಿಸಿಕೊಂಡೆ. ಅವನು ಮಾತಿನ ಮನುಷ್ಯ. ನಗು ಅಂದರೆ ನಕ್ಕ. ಹೊಸ್ತಿಲು ದಾಟಿದಾಗಿನಿಂದ ಹಿಡಿದು ಕಾಫಿ ಮುಗಿಯುವವರೆಗೂ ನಕ್ಕ. ಅವರ ಮನೆಯಲ್ಲಿ ಹೋದ ವರ್ಷ ಹಿರಿಯರು ತೀರಿಕೊಂಡ ಸಂಗತಿ ಹೇಳಿದಾಗಲೂ ನಕ್ಕ! ಹುಡುಗಿಯ ಅಜ್ಜಿ ನನ್ನ ಕಡೆ ಬಾಗಿ, "ಹುಡುಗನಿಗೆ ಹಲ್ಲುನೋವು ಐತೇನವ್ವಾ?" ಎಂದು ಪಿಸುಗುಟ್ಟಿದಳು.

ಅಷ್ಟಕ್ಕೇ ಮುಗಿದಿದ್ದರೆ ದಕ್ಕುತ್ತಿತ್ತೋ ಏನೋ. ಆಮೇಲೆ ಹುಡುಗಿಯನ್ನು ಹಾಡಲು ಕೂರಿಸಿದರು. ಕಂಠ ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಆದರೆ ಹಾಡು ಮುಗಿಯಲೊಲ್ಲದು! ಪಲ್ಲವಿ ಹೋಗಿ ಬರುತ್ತದೆ, ಮತ್ತೆ ಹೋಗಿ ಮತ್ತೆ ಬರುತ್ತದೆ. ಅವಳಪ್ಪ ಕಣ್ಣು ಮುಚ್ಚಿ ತಾಳ ಹಾಕುತ್ತಿದ್ದಾರೆ. ನನ್ನ ಮೈದುನನ ಕೈ ಗಾಬರಿಯಲ್ಲಿ ಜೇಬಿಗಿಳಿದದ್ದನ್ನು ನಾನು ಕಂಡೆ. ಕಣ್ಣುಸನ್ನೆ ಮಾಡುವಷ್ಟರಲ್ಲಿ ವಿಷಲ್ಲು ಬಾಯಿಗೆ ಬಂದಿತ್ತು.

ಪೀಂ!

ಹಾಡು ಸಡನ್ನಾಗಿ ನಿಂತಿತು. ಅವಳಪ್ಪ ಕಣ್ಣು ಬಿಟ್ಟರು. ಇಡೀ ಮನೆ ಇವನನ್ನೇ ನೋಡುತ್ತಿದೆ. ನಮ್ಮವನಿಗೆ ತಪ್ಪಾಯಿತೆಂದು ಹೊಳೆಯಿತು. ತಿದ್ದಿಕೊಳ್ಳಬೇಕಲ್ಲ? ತಿದ್ದಿಕೊಂಡ.

ಪೀಂ, ಪೀಂ!

"ಹಾಡು ಮುಂದಕ್ಕೆ ಹೋಗ್ಲಿ ಅಂತ ಊದಿದೆ ಅತ್ತಿಗೆ" ಎಂದು ಆಮೇಲೆ ಸಮಜಾಯಿಷಿ ಕೊಟ್ಟ. ಹುಡುಗಿ ಅಳುತ್ತ ಎದ್ದು ಹೋದಳು. ಅಜ್ಜಿ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಜ್ಜಿ ಒಪ್ಪಿದರೆ ಸಾಕೇ, ನೀವೇ ಹೇಳಿ!

ಆಮೇಲಿನವು ಬೇಡ ಬಿಡಿ. ಕೊನೆಕೊನೆಗೆ ಮದುವೆ ದಲ್ಲಾಳಿ ನಮ್ಮನ್ನು ಕಂಡರೆ ರಸ್ತೆಯ ಆಚೆಬದಿಗೆ ದಾಟಿಕೊಳ್ಳುತ್ತಿದ್ದ. ನಾನೂ ರೋಸಿಹೋಗಿ ಒಂದು ದಿನ ಊಟಕ್ಕೆ ಬಡಿಸುತ್ತ, "ನಿನಗೆ ಮದುವೆಯ ಯೋಗವೇ ಇಲ್ಲ ಕಣೋ, ಸುಮ್ಮನೆ ಇದ್ದುಬಿಡು" ಎಂದೆ. ಅವನು ತುತ್ತು ಕಲಸುತ್ತ ಹೇಳಿದ: "ದಿನಾ ಒಂದು ಬಸ್ಸು ಜನನ್ನ ಅವರವರ ಊರು ಮುಟ್ಟಿಸ್ತೀನಿ ಅತ್ತಿಗೆ. ಎಲ್ರಿಗೂ ಸ್ಟ್ಯಾಂಡಲ್ಲಿ ಯಾರಾದ್ರೂ ಒಬ್ರು ಕಾಯ್ತಾ ನಿಂತಿರ್ತಾರೆ. ನಂಗೂ ಒಬ್ರು ಇದ್ರೆ ಚೆನ್ನಾಗಿರ್ತೈತೆ ಅನ್ಸುತ್ತೆ. ಅಷ್ಟೇ." ಅಷ್ಟು ದಿನ ನಗೆಪಾಟಲು ಅಂದುಕೊಂಡಿದ್ದೆ. ಅವನಿಗೆ ಅದು ನಗುವ ವಿಷಯ ಆಗಿರಲೇ ಇಲ್ಲ. ನನಗೆ ತುಂಬ ನೋವಾಯಿತು. ಇವನಿಗೆ ಮದುವೆ ಮಾಡಿಸದೆ ಬಿಡುವುದಿಲ್ಲ ಎಂದು ಅಲ್ಲಿಯೇ ತೀರ್ಮಾನಿಸಿದೆ.

ಆಗ ಸಿಕ್ಕಿದ್ದು ಜಗಳೂರು ಕಡೆಯ ಬಿಳಿಚೋಡಿನ ಸಂಬಂಧ. ಹೊಲ, ಕುರಿ ಇದ್ದ ಮನೆ. ಹುಡುಗಿಗೆ ಬಾಯಿ ಜೋರು ಅಂತ ಹೆಸರು. ಬಂದ ಗಂಡುಗಳನ್ನೆಲ್ಲ ಅವಳೇ ಬೇಡ ಎಂದಿದ್ದಳಂತೆ. ನಾನೊಬ್ಬಳೇ ಹೋಗಿ ಕಂಡೆ. ಅವಳು ನನ್ನ ಮುಖಕ್ಕೇ ಹೇಳಿದಳು:

"ನಮ್ಮ ಕಡೆ ಕುರಿ ಕೊಳ್ಳಾಕೂ ನಾಕು ಹೆಜ್ಜೆ ನಡೆಸಿ ನೋಡ್ತಾರೆ. ಗಂಡನ್ನ ಕುರ್ಚಿ ಮ್ಯಾಲೆ ಕುಂಡ್ರಿಸಿ, ಉಪ್ಪಿಟ್ಟು ತಿನ್ಸಿ ನೋಡಿದ್ರೆ ಏನು ಗೊತ್ತಾಗ್ತೈತೆ? ಕೆಲಸ ಮಾಡ್ತಾ ಇರೋವಾಗ ನೋಡ್ಬೇಕು."

ನನಗೆ ಅವಳನ್ನು ಅಪ್ಪಿಕೊಳ್ಳುವಷ್ಟು ಖುಷಿಯಾಯಿತು. ಹೌದಲ್ಲ! ಈ ಮನುಷ್ಯನನ್ನು ನೆಲದ ಮೇಲೆ ತೋರಿಸಿದ್ದೇ ನಾವು ಮಾಡಿದ ತಪ್ಪು! ಹೊನ್ನಾಳಿಯಲ್ಲಿ ಅವಳ ಚಿಕ್ಕಮ್ಮನ ಮನೆಯಿತ್ತು. ಅವಳು ಚನ್ನಗಿರಿಗೆ ಬಂದು ನನ್ನ ಜೊತೆ ಅವನ ಬಸ್ಸು ಹತ್ತುವುದು, ಹೊನ್ನಾಳಿಯಲ್ಲಿ ಇಳಿಯುವುದು. ಅವನಿಗೆ ಸುಳಿವು ಕೊಡಕೂಡದು ಎಂದು ಮಾತಾಯಿತು.

ಆ ದಿನ ಬಂತು. ಹುಡುಗಿಯನ್ನು ಮುಂದಿನ ಕಿಟಕಿ ಸೀಟಿನಲ್ಲಿ ಕೂರಿಸಿ ಪಕ್ಕದಲ್ಲಿ ನಾನು ಕೂತೆ. ಇವನು ಅವತ್ತು ಎಂಥ ಜೋರಿನಲ್ಲಿದ್ದ ಅಂತೀರಿ! ಕೋಳಿ ಹಿಡಿದು ಹತ್ತಿದ ಮುದುಕನಿಗೆ, "ತಾತ, ಕೋಳಿಗೆ ಕಿಟಕಿ ಬೇಕೋ, ನಿಂಗೆ ಬೇಕೋ?" ಎಂದ. ಬಸ್ಸೆಲ್ಲ ನಕ್ಕಿತು. ಹುಡುಗಿಯೂ ನಕ್ಕಳು. ನಾನು ಮನಸ್ಸಿನಲ್ಲೇ ಚಪ್ಪರ ಹಾಕಿಸಿ, ವಾದ್ಯದವರಿಗೆ ಹೇಳಿಕಳಿಸಿ, ಇನ್ನೇನು ಊಟಕ್ಕೆ ಎಲೆ ಹಾಕಿಸುತ್ತಿದ್ದೆ.

ಕತ್ತಲಗೆರೆಯಲ್ಲಿ ತುಂಬು ಗರ್ಭಿಣಿಯೊಬ್ಬಳು ತನ್ನ ಅತ್ತೆಯ ಕೈಹಿಡಿದು ಹತ್ತಿದಳು. ಬಸ್ಸು ಕಿಕ್ಕಿರಿದಿತ್ತು. ನನ್ನ ಮೈದುನ ನುಗ್ಗಿಕೊಂಡು ಸೀದಾ ನಮ್ಮ ಸೀಟಿಗೇ ಬಂದ. ಬಂದವನು ಬಿಳಿಚೋಡಿನ ಹುಡುಗಿಗೆ ಹೇಳಿದ:

"ಏಳು ತಂಗಿ, ಈಕೆಗೆ ಜಾಗ ಬಿಡು."

ತಂಗಿ! ಮದುವೆಯಾಗಬೇಕಾದ ಹುಡುಗಿಗೆ ತಂಗಿ! ನಾನು ಹಣೆ ಹಣೆ ಚಚ್ಚಿಕೊಂಡೆ. ಏಳಿಸುವುದಿದ್ದರೆ ನನ್ನನ್ನು ಏಳಿಸಬಾರದಿತ್ತೇ? "ನಿಮ್ಮ ಸೀಟಿಗೆ ಗಾಳಿ ಬರಲ್ಲ ಅತ್ತಿಗೆ" ಅಂತೆ! ಗರ್ಭಿಣಿಯನ್ನು ಕಿಟಕಿಗೆ ಕೂರಿಸಿ, ತನ್ನ ಖಾಕಿ ಕೋಟು ಮಡಚಿ ಅವಳ ಬೆನ್ನಿಗೆ ಕೊಟ್ಟ. "ಸಾಬರೇ, ನಿಧಾನ, ಮುಂದೆ ಗುಂಡಿ ಐತೆ" ಎಂದು ಡ್ರೈವರಿಗೆ ಕೂಗಿದ. ಆಗ ನಾನು ಪಕ್ಕಕ್ಕೆ ತಿರುಗಿ ಅವಳ ಮುಖ ನೋಡಿದೆ. ನ್ಯಾಮತಿಯ ಹುಡುಗಿ! ಅದೇ, ಹಾಡು ಹೇಳಿ ಅತ್ತು ಹೋದವಳು! ಹೆರಿಗೆಗೆ ತವರಿಗೆ ಹೊರಟಿದ್ದಳು. ಅವಳೂ ನನ್ನ ಗುರುತು ಹಿಡಿದು ಸಂಕೋಚದಿಂದ ನಕ್ಕಳು.

ಬಿಳಿಚೋಡಿನವಳು ಕಂಬಿ ಹಿಡಿದು ಜೋಲಿ ಹೊಡೆಯುತ್ತ ಎಲ್ಲವನ್ನೂ ನೋಡುತ್ತಿದ್ದಳು. ಇವನು ಟಿಕೆಟ್ಟು ಹರಿಯುತ್ತ ಹತ್ತಿರ ಬಂದಾಗ ಕೇಳಿಯೇಬಿಟ್ಟಳು:

"ಆಕೆ ನಿಮಗೆ ಏನಾಗ್ಬೇಕ್ರೀ?"

"ಆಗ್ಬೇಕಾಗಿದ್ದು ಆಗ್ಲಿಲ್ಲ ಬಿಡು ತಂಗಿ" ಎಂದ ಇವನು, ಬಸ್ಸಿನ ಗದ್ದಲಕ್ಕೆ ಸರಿಯಾಗಿ ಗಂಟಲೆತ್ತರಿಸಿ. "ಹೆಣ್ಣು ನೋಡಾಕೆ ಹೋಗಿದ್ದೆ. ಒಲ್ಲೆ ಅಂದ್ರು."

ಬಸ್ಸೆಲ್ಲ ಮತ್ತೆ ನಕ್ಕಿತು. ಅವಳು ನಗಲಿಲ್ಲ. "ಸಿಟ್ಟು ಬರಾಂಗಿಲ್ವಾ?"

"ಯಾಕೆ ಬರ್ತೈತೆ? ಆಯಮ್ಮ ಚೆಂದಾಗಿ ಹಾಡ್ತಾ ಇದ್ರು, ನಾನು ಹೋಗಿ ವಿಷಲ್ ಊದಿದೆ. ತಪ್ಪು ನಂದೇ. ಹೊನ್ನಾಳಿಯಾಕೆನೂ ಇದೇ ಬಸ್ಸಿಗೆ ಬರ್ತಾರೆ, ಕೂಸು ಎತ್ಕೊಂಡು. ಅವರಿಗೂ ಕಿಟಕಿನೇ ಕೊಡ್ತೀನಿ. ನನ್ನಿಂದ ಪಾಪ, ಅವತ್ತು ಎಲ್ರ ಮುಂದೆ ಬೆಚ್ಚಿಬಿದ್ದಿದ್ರು."

ನನಗೇ ಇದು ಹೊಸ ಸುದ್ದಿ! ಬೇಡ ಎಂದವರನ್ನೆಲ್ಲ ಬಸ್ಸಿನಲ್ಲಿ ಕರೆದು ಕೂರಿಸುತ್ತಿದ್ದಾನೆಂದು ಮನೆಯಲ್ಲಿ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ನೋಡಿದಿರಾ ಇವನ ಬುದ್ಧಿಯನ್ನು! ನನ್ನನ್ನು ಕೇಳಿದ್ದರೆ ಅವರನ್ನೆಲ್ಲ ಹಿಂದಿನ ಗಾಲಿಯ ಮೇಲೆ ಕೂರಿಸು ಅನ್ನುತ್ತಿದ್ದೆ.

ಹೊನ್ನಾಳಿ ಬಂತು. ಹುಡುಗಿ ಇಳಿದಳು, ನಾನೂ ಇಳಿದೆ. ಇನ್ನು ಮುಚ್ಚಿಡುವುದೇನು ಬಂತು? ಮೆಟ್ಟಿಲ ಮೇಲಿದ್ದ ಅವನಿಗೆ, "ಇವಳೇ ಕಣೋ ಬಿಳಿಚೋಡಿನ ಹುಡುಗಿ. ನಿನ್ನನ್ನ ನೋಡಾಕೆ ಬಂದಿದ್ಲು. ಇಡೀ ದಾರಿ ನಿಲ್ಲಿಸ್ಕೊಂಡು ಬಂದ್ಯಲ್ಲೋ!" ಎಂದೆ. ಅವನ ಮುಖದ ರಕ್ತವೇ ಇಳಿದುಹೋಯಿತು. ಇಳಿಯಲು ಒಂದು ಕಾಲು ನೆಲಕ್ಕಿಟ್ಟಿದ್ದ, ಇನ್ನೊಂದು ಮೆಟ್ಟಿಲ ಮೇಲೇ ಇತ್ತು. ಹಾಗೇ ನಿಂತುಬಿಟ್ಟ.

ನಾನು ಹುಡುಗಿಯ ಕಡೆ ತಿರುಗಿ, "ತಪ್ಪು ತಿಳೀಬೇಡಮ್ಮ. ನಿನ್ನ ಮನಸ್ಸಿಗೆ ಬರದಿದ್ರೆ ಬ್ಯಾಡ" ಎಂದೆ. ಅವಳು ಅವನನ್ನೇ ನೋಡುತ್ತ ಹೇಳಿದಳು:

"ಒಲ್ಲೆ ಅಂದೋರನ್ನೇ ಇಷ್ಟು ಚೆಂದ ನೋಡ್ಕೋತಾರೆ. ಹೂಂ ಅಂದೋಳನ್ನ ಹೆಂಗೆ ನೋಡ್ಕೋತಾರೋ ನೋಡೇಬಿಡಾನ. ನಂಗೆ ಒಪ್ಪಿಗೆ ಐತ್ರಿ. ತಂಗಿ ಅನ್ನೋದೊಂದು ಬಿಡಾಕೆ ಹೇಳ್ರಿ."

"ನೀನೇನಂತೀಯೋ?" ಎಂದು ನಾನು ಮೈದುನನ ಭುಜ ಅಲ್ಲಾಡಿಸಿದೆ. ಅವನು ಬಾಯಿ ತೆರೆದ. ಏನೂ ಬರಲಿಲ್ಲ. ಕಣ್ಣು ತುಂಬಿತ್ತು. ಕೈ ಜೇಬಿಗೆ ಹೋಯಿತು. ವಿಷಲ್ಲು ಬಾಯಿಗಿಟ್ಟುಕೊಂಡು ಅವಳನ್ನೇ ನೋಡುತ್ತ ಊದಿದ.

ಪೀಂ, ಪೀಂ!

ಪಾಪ, ಡ್ರೈವರ್ ಸಾಬರಿಗೇನು ಗೊತ್ತು? ಎರಡು ಕೇಳಿಸಿತು, ಬಸ್ಸು ಹೊರಟೇಬಿಟ್ಟಿತು! ನ್ಯಾಮತಿಗೆ ಹೋಗುವವರೆಲ್ಲ "ಹೋಯ್, ಹೋಯ್" ಎಂದು ಹಿಂದೆ ಓಡಿದರು. ನನ್ನ ಚೀಲವೂ ಬಸ್ಸಿನಲ್ಲೇ ಹೋಯಿತು. ಇವನು ಕಂಬಿಗೆ ಜೋತುಬಿದ್ದು, ಇನ್ನೊಂದು ವಿಷಲ್ಲು ಊದಿ ನಿಲ್ಲಿಸಬೇಕೆಂಬುದನ್ನೂ ಮರೆತು, ತಿರುವು ದಾಟುವವರೆಗೆ ಹಿಂದೆ ತಿರುಗಿ ನೋಡುತ್ತಲೇ ಹೋದ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕು ನಕ್ಕು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಸಿದಳು.

ಮದುವೆಯಾಯಿತು. ಉಪ್ಪಿಟ್ಟಿಗೆ ಗೋಡಂಬಿಯನ್ನು ನಾನೇ ನಿಂತು ಹಾಕಿಸಿದೆ. ಆದರೆ ಕಿಟಕಿ ಸೀಟು? ಅದು ಮಾತ್ರ ಆ ಪುಣ್ಯಾತ್ಗಿತ್ತಿಗೆ ಒಂದು ದಿನವೂ ಸಿಕ್ಕಿದ್ದನ್ನು ನಾನು ಕಾಣೆ! ಅವನ ಬಸ್ಸು ಹತ್ತಿದರೆ ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತೇ ಬರುತ್ತಿದ್ದಳು. ಒಮ್ಮೆ ನನಗೆ ತಡೆಯಲಾರದ ಸಿಟ್ಟು ಬಂತು. ಬಸ್ಸು ಅರ್ಧ ಖಾಲಿಯಿತ್ತು, ಆಗಲೂ ನಿಂತಿದ್ದಳು. "ಕಟ್ಕೊಂಡ ಹೆಂಡ್ತಿಗೆ ಒಂದು ಸೀಟು ಕೊಡಾಕೆ ಆಗಲ್ವೇನೇ ಅವನಿಗೆ?" ಎಂದು ಗದರಿದೆ.

"ಅವರು ದಿನಾ ಕುಂಡ್ರು ಅಂತಾನೇ ಇರ್ತಾರಕ್ಕ, ನಾನೇ ಒಲ್ಲೆ ಅಂತೀನಿ" ಎಂದಳು ಅವಳು. "ಊರಿಗೆಲ್ಲ ಸೀಟು ಕೊಟ್ಟು ಅವರೊಬ್ರೇ ಸಂಜೆ ತನಕ ನಿಂತಿರ್ತಾರಲ್ಲ. ಒಂದೀಟು ದೂರ ನಾನೂ ಜೊತೆಗೆ ನಿಂತಿರ್ತೀನಿ."